ಮದುವೆಯಲ್ಲಿ ಹಂಚಿದ ಸರ್ಪಗಂಧಿ

ನನ್ನ ಮದುವೆಗೆ ಬಂದವರಿಗೆ ಹೋಗುವಾಗ ಏನು ಕೊಡುವುದು ಎಂಬ ಮಾತು ಮನೆಯಲ್ಲಿ ಎದ್ದಾಗಲೆಲ್ಲ ಚಿಕ್ಕಪ್ಪ, "ಅದು ನನ್ನ ಕೆಲ್ಸ. ನೀವು ಯಾರೂ ತಲೆ ಹಾಕೂದು ಬೇಡ" ಎಂದು ಬಾಯಿ ಮುಚ್ಚಿಸುತ್ತಿದ್ದ. ಸ್ಟೀಲ್ ಡಬ್ಬಿಯೋ ಪ್ಲಾಸ್ಟಿಕ್ ಬುಟ್ಟಿಯೋ ಇರಬಹುದೆಂದು ಅಮ್ಮ ಅಂದುಕೊಂಡಿದ್ದಳು. ನಾನು ಅಷ್ಟನ್ನೂ ಯೋಚಿಸಲಿಲ್ಲ. ಚಿಕ್ಕಪ್ಪ ಒಂದು ಕೆಲಸ ಹೊತ್ತುಕೊಂಡರೆ ಅದು ಆದ ಹಾಗೆಯೇ ಎಂಬುದು ನಮ್ಮ ಮನೆಯ ನಂಬಿಕೆ.

ಅಪ್ಪ ತೀರಿಕೊಂಡಾಗ ನಾನು ಅಂಗನವಾಡಿಗೆ ಹೋಗುತ್ತಿದ್ದೆ. ಆಮೇಲೆ ನನ್ನ ಶಾಲೆ, ಕಾಲೇಜು, ಜ್ವರ, ಹಟ ಎಲ್ಲದಕ್ಕೂ ಚಿಕ್ಕಪ್ಪನೇ ಇದ್ದದ್ದು. ಹೊನ್ನಾವರದಿಂದ ಗೇರುಸೊಪ್ಪದ ತನಕ ಚಿರೆಕಲ್ಲು, ಸಿಮೆಂಟು ಸಾಗಿಸುವ ಟೆಂಪೊ ಅವನದು. ಅದರ ಮುಂದಿನ ಸೀಟಿನಲ್ಲಿ ಕೂತೇ ನಾನು ಪರೀಕ್ಷೆಗೆ ಹೋದೆ, ಅದರಲ್ಲೇ ಕೆಲಸದ ಸಂದರ್ಶನಕ್ಕೂ ಹೋದೆ. ಕೆಲಸ ಸಿಕ್ಕಿತೆಂದು ಹೇಳಿದ ದಿನ ಅವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಗಾಡಿ ನಿಲ್ಲಿಸಿ ಹೇಳಿದ್ದ.

ಕೆಲಸವೇನೂ ದೊಡ್ಡದಲ್ಲ. ಗೇರುಸೊಪ್ಪದ ಕಡೆ ಒಂದು ಸಣ್ಣ ಸಂಸ್ಥೆ ಔಷಧಿ ಗಿಡಗಳ ನರ್ಸರಿ ನಡೆಸುತ್ತದೆ. ಅಲ್ಲಿ ಬೀಜ ಹಾಕುವುದು, ಸಸಿ ನೋಡಿಕೊಳ್ಳುವುದು, ಆಗಾಗ ಶಾಲೆಗಳಿಗೆ ಹೋಗಿ ಮಾತಾಡುವುದು. ನನ್ನ ಪಾಲಿಗೆ ಬಂದದ್ದು ಸರ್ಪಗಂಧಿ. ಮೊಳಕಾಲೆತ್ತರದ ಗಿಡ, ಕೆಂಪು ತೊಟ್ಟಿನ ಮೇಲೆ ಬಿಳಿ ಹೂವಿನ ಗೊಂಚಲು, ಹಣ್ಣಾದರೆ ಕಪ್ಪಗಾಗುವ ಪುಟ್ಟ ಕಾಯಿ. ಹಾವು ಕಚ್ಚಿದರೆ, ನಿದ್ದೆ ಬಾರದಿದ್ದರೆ, ಬಿಪಿ ಏರಿದರೆ ಎಂದು ಜನ ಹಿಂದಿನಿಂದಲೂ ಅದರ ಬೇರು ತೇಯುತ್ತ ಬಂದಿದ್ದಾರೆ. ಗುಣವೆಲ್ಲ ಇರುವುದು ಬೇರಿನಲ್ಲಿ. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು. ಹಾಗೆ ಕಿತ್ತೂ ಕಿತ್ತೂ ನಮ್ಮ ಕಡೆಯ ಗುಡ್ಡಗಳಲ್ಲಿ ಅದು ಕಾಣುವುದೇ ಅಪರೂಪವಾಗಿದೆ. ನಮಗೆ ಗೊತ್ತಿದ್ದ ಹಾಗೆ ಒಂದೇ ಒಂದು ಇಳಿಜಾರಿನಲ್ಲಿ ಅದು ಗುಂಪಾಗಿ ಉಳಿದಿತ್ತು. ಆ ಗುಡ್ಡದ ಬುಡದಲ್ಲಿರುವ ಕೇರಿಯ ಹೆಂಗಸರನ್ನು ಸೇರಿಸಿ, ಮಾತಾಡಿ, ಅಲ್ಲಿ ಯಾರೂ ಬೇರು ಕೀಳಬಾರದೆಂದು ಒಪ್ಪಿಸಿದ್ದೆವು. ಬೀಜ ಮಾತ್ರ ತರುತ್ತಿದ್ದೆವು. ಬಿತ್ತಿದ್ದರಲ್ಲಿ ಅರ್ಧವೂ ಏಳುತ್ತಿರಲಿಲ್ಲ. ಎದ್ದದ್ದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೆ.

ಆ ಇಳಿಜಾರು ಎಲ್ಲಿದೆಯೆಂದು ಹೊರಗಿನವರಿಗೆ ನಾವು ಹೇಳುತ್ತಿರಲಿಲ್ಲ. ಆದರೆ ದನ ನುಗ್ಗದಂತೆ ಬೇಲಿ ಹಾಕುವಾಗ ತಂತಿ, ಕಂಬ ತಂದದ್ದು ಚಿಕ್ಕಪ್ಪನ ಟೆಂಪೊ. ರಸ್ತೆ ಮುಗಿದ ಮೇಲೆ ಕಂಬಗಳನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದವನೂ ಅವನೇ. ದಾರಿ ತೋರಿಸುತ್ತ ಮುಂದೆ ನಡೆದವಳು ನಾನು. ಅಂದು ಅವನು ಬೆವರೊರೆಸಿಕೊಳ್ಳುತ್ತ ಗಿಡಗಳ ನಡುವೆ ಕೂತು, "ಇಷ್ಟ್ ಸಣ್ಣ ಗಿಡಕ್ಕೆ ಇಷ್ಟೆಲ್ಲಾ ಮಾಡ್ತ್ರಿ ಅಲ್ದಾ!" ಎಂದು ನಕ್ಕಿದ್ದ.

ಮದುವೆ ಹೊನ್ನಾವರದ ಒಂದು ಕಲ್ಯಾಣ ಮಂಟಪದಲ್ಲಿ, ಮೇ ತಿಂಗಳ ಕೊನೆಗೆ. ಹುಡುಗನ ಮನೆ ಹಳದೀಪುರ. ಅವನು ಕುಮಟಾದಲ್ಲಿ ಫ್ರಿಜ್ಜು, ಎಸಿ ರಿಪೇರಿ ಮಾಡುತ್ತಾನೆ. ಅವನ ಅಪ್ಪ ಬಹಳ ವರ್ಷ ಭಟ್ಕಳದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು. ಹಾಗಾಗಿ ಕುಮಟಾದಿಂದ ಭಟ್ಕಳದವರೆಗೆ ಜನ ಬಂದಿದ್ದರು. ಧಾರೆ ಮುಗಿದು, ನಾವಿಬ್ಬರೂ ವೇದಿಕೆಯ ಮೇಲಿನ ದೊಡ್ಡ ಕುರ್ಚಿಗಳಲ್ಲಿ ಕೂತು, ಬಂದವರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದೆವು. ಮೊದಲ ಪಂಕ್ತಿಯ ಊಟ ಮುಗಿಸಿದ ಹೆಂಗಸೊಬ್ಬಳು ಹರಸಲು ಮೇಲೆ ಬಂದಳು. ಅವಳ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಚೀಲದಿಂದ ಒಂದು ಗಿಡ ಇಣುಕುತ್ತಿತ್ತು.

ಸರ್ಪಗಂಧಿ.

ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಚಿಕ್ಕಪ್ಪ ನನ್ನ ಕೆಲಸಕ್ಕೆ ಇಷ್ಟು ದೊಡ್ಡ ಗೌರವ ಕೊಟ್ಟನಲ್ಲ ಎಂದುಕೊಂಡೆ. ಕಪ್ಪು ಪ್ಲಾಸ್ಟಿಕ್ ತೊಟ್ಟೆ, ಅದರ ಮೇಲೊಂದು ಚೀಟಿ, ಚೀಟಿಯಲ್ಲಿ ನಮ್ಮಿಬ್ಬರ ಹೆಸರು, ಕೆಳಗೆ 'ಮನೆಗೊಂದು ಸರ್ಪಗಂಧಿ' ಎಂಬ ಸಾಲು. ಅದು ನಾನೇ ನಮ್ಮ ಸಂಸ್ಥೆಯ ಕರಪತ್ರಕ್ಕೆ ಬರೆದ ಸಾಲು.

ಆಮೇಲೆ ಗಿಡವನ್ನು ಸರಿಯಾಗಿ ನೋಡಿದೆ. ಅದರಲ್ಲಿ ಹೂವಿತ್ತು. ನರ್ಸರಿಯ ಎಳೆ ಸಸಿ ಹೂ ಬಿಡುವುದಿಲ್ಲ. ಕಾಂಡ ದಪ್ಪಗಿತ್ತು, ಬುಡದಲ್ಲಿ ಒರಟಾಗಿ ಬಾಗಿತ್ತು. ತೊಟ್ಟೆಯಲ್ಲಿದ್ದದ್ದು ನಾವು ಮರಳು, ಗೊಬ್ಬರ ಬೆರೆಸಿ ಮಾಡುವ ಕರಿ ಮಣ್ಣಲ್ಲ, ಜಲ್ಲಿ ಜಲ್ಲಿಯಾದ ಕೆಂಪು ಮಣ್ಣು. ಆ ಮಣ್ಣು ನನಗೆ ಗೊತ್ತು. ಬೀಜ ಆರಿಸಲು ಅದರ ಮೇಲೆ ಎಷ್ಟೋ ಸಲ ಮಂಡಿಯೂರಿದ್ದೇನೆ.

ಅಷ್ಟರಲ್ಲಿ ಚಿಕ್ಕಪ್ಪ ಹೊಸ ಬಿಳಿ ಪಂಚೆ ಉಟ್ಟು ಫೋಟೊಕ್ಕೆಂದು ಮೇಲೆ ಬಂದ. ನಮ್ಮಿಬ್ಬರ ನಡುವೆ ನಿಂತು ನನ್ನ ಹೆಗಲ ಮೇಲೆ ಕೈಯಿಟ್ಟ.

"ಚಿಕ್ಕಪ್ಪಾ, ಈ ಗಿಡ ಎಲ್ಲಿಂದ ತಂದದ್ದು?" ಎಂದೆ.

"ನಿನ್ನ ಗಿಡವೇ ಮಗಾ. ಹೆಂಗಿದೆ?"

"ನರ್ಸರಿಯಿಂದ ತಂದ್ಯಾ?"

"ನರ್ಸರಿಲಿ ಇಷ್ಟೆಲ್ಲಾ ಎಲ್ಲಿದೆ? ಗುಡ್ಡದಿಂದ. ಮೊನ್ನೆ ಒಂದು ಮಳೆ ಬಿದ್ದಿತ್ತಲಾ, ಮಣ್ಣು ಮೆತ್ತಗಾಗಿತ್ತು. ಇಬ್ಬರು ಆಳು ಕರ್ಕೊಂಡು ಹೋಗಿ ತಂದೆ. ಒಂದೂ ಹಾಳಾಗ್ಲಿಲ್ಲ ನೋಡು." ದನಿ ತಗ್ಗಿಸಿ, "ಬೇಲಿ ಬಿಚ್ಚಿದ್ದು ಮತ್ತೆ ಕಟ್ಟಿದ್ದೆ, ಹೆದರ್ಬೇಡ" ಎಂದ.

ಫೋಟೊಗ್ರಾಫರ್ ಈ ಕಡೆ ನೋಡಿ ಎಂದ. ನೋಡಿದೆ. ನಗಿ ಎಂದ. ನಕ್ಕೆ.

ಅದಾದ ಮೇಲೆ ವೇದಿಕೆಗೆ ಬಂದವರೆಲ್ಲರ ಕೈಯಲ್ಲೂ ಆ ಚೀಲವಿತ್ತು. ಕೆಳಗೆ ಬಾಗಿಲ ಬಳಿ ಸಾಲಾಗಿ ಜೋಡಿಸಿಟ್ಟು ನಮ್ಮವರು ಹಂಚುತ್ತಿದ್ದರು. ಎದ್ದು ಹೋಗಿ ನಿಲ್ಲಿಸಿ ಎನ್ನಬೇಕಿತ್ತು. ಧಾರೆ ಸೀರೆ ಉಟ್ಟು, ಹಾರ ಹಾಕಿಕೊಂಡು, ಗಂಡನ ಪಕ್ಕದಲ್ಲಿ ಕೂತ ಹುಡುಗಿ ಎದ್ದು ಬಾಗಿಲಿಗೆ ಓಡಿ, ಉಡುಗೊರೆ ಕೊಡಬೇಡಿ ಎಂದು ಕೂಗುವುದು ಹೇಗೆ? ನಾನು ಏಳಲಿಲ್ಲ. ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಆ ಗುಡ್ಡ ನನ್ನ ಕಣ್ಣೆದುರಿಗೇ ಚೀಲ ಚೀಲವಾಗಿ ಹೊರಗೆ ಹೋಗುವುದನ್ನು ನೋಡುತ್ತ ಕೂತೆ.

ನಮ್ಮ ನರ್ಸರಿಯ ಮೇಡಂ ಬಂದರು. ಅವರೂ ಊಟ ಮಾಡಿ ಚೀಲ ಹಿಡಿದಿದ್ದರು. ನನ್ನ ಹತ್ತಿರ ನಿಂತು ಒಮ್ಮೆ ಗಿಡವನ್ನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. "ಸುಖವಾಗಿರು" ಎಂದು ಅಕ್ಷತೆ ಹಾಕಿ ಇಳಿದು ಹೋದರು.

ಸಂಜೆ ಹಳದೀಪುರಕ್ಕೆ ಹೊರಡುವಾಗ ಕಾರಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ತವರು ಬಿಟ್ಟು ಹೋಗುವ ಹುಡುಗಿ ಅಳುತ್ತಾಳೆಂದು ಎಲ್ಲರೂ ಕಣ್ಣೊರೆಸಿಕೊಂಡರು. ಚಿಕ್ಕಪ್ಪ ಕಾರಿನ ಕಿಟಕಿಗೆ ಮುಖವಿಟ್ಟು, "ಎಂತಕೆ ಅಳ್ತೆ? ಹಳದೀಪುರ ಎಂತ ದೂರವಾ? ನಂಗೆ ಗಾಡಿ ಹತ್ತಿದ್ರೆ ಕಾಲು ಗಂಟೆ" ಎಂದ. ಅವನ ಕಣ್ಣೂ ಒದ್ದೆಯಾಗಿತ್ತು. ಆ ಹೊತ್ತಿನಲ್ಲಿ ಅವನ ಮುಖ ನೋಡಲು ನನಗೆ ಆಗಲಿಲ್ಲ.

ಮಾರನೆಯ ದಿನ ಗಂಡನಿಗೆ ಹೇಳಿದೆ. ಅವರಿಗೆ ಮೊದಲು ತಮಾಷೆಯೆನಿಸಿತು. "ಗಿಡ ಹಂಚಿದ್ದಕ್ಕೆ ಯಾರಾದ್ರೂ ಅಳ್ತಾರಾ ಮಾರಾಯ್ತಿ?" ಎಂದರು. ಆ ಇಳಿಜಾರು ಎಂಥದು, ಅಲ್ಲಿ ಇನ್ನೇನು ಉಳಿದಿರಬಹುದು ಎಂದು ವಿವರಿಸಿದ ಮೇಲೆ ನಗು ನಿಲ್ಲಿಸಿದರು.

"ವಾಪಸ್ ಕೇಳಿ ತರಬೇಕು. ಒಣಗುವ ಮೊದಲು" ಎಂದೆ.

"ಕೊಟ್ಟದ್ದನ್ನ?"

"ಹ್ಞೂಂ."

"ನನ್ನ ಅಪ್ಪನ ಹತ್ರ ಇದನ್ನ ನೀನೇ ಹೇಳು. ನಂಗೆ ಆಗೂದಿಲ್ಲ" ಎಂದರು.

ಮಾವನ ಮುಂದೆ ನಾನೇ ಹೇಳಿದೆ. ಉತ್ತರ ಕೊಟ್ಟದ್ದು ಅತ್ತೆ. ತೆಂಗಿನಕಾಯಿ ತುರಿಯುತ್ತಿದ್ದವರು ಕೈ ನಿಲ್ಲಿಸಿ, "ಅಲ್ಲ ಮಗಾ, ಎಲೆ ಅಡಿಕೆ, ತೆಂಗಿನಕಾಯಿ ಒಟ್ಟಿಗೆ ಕೊಟ್ಟದ್ದು ಅದು. ಅದನ್ನ ತಿರುಗಿ ಕೇಳೂದು ಅಂದ್ರೆ ಎಂತ? ನಮ್ಮ ಮನೆಗೆ ಬಂದು ಎರಡು ದಿನ ಆಗ್ಲಿಲ್ಲ ನೀನು" ಎಂದರು. ಸಿಟ್ಟಿನಿಂದ ಅಂದದ್ದಲ್ಲ, ಹೆದರಿಕೆಯಿಂದ. ಊರ ಬಾಯಿಗೆ ಸಿಗುವ ಹೆದರಿಕೆ ಅವರಿಗೆ. ನಾನು ತಲೆ ತಗ್ಗಿಸಿ ನಿಂತೆ. ಹೊಸ ಮನೆಯಲ್ಲಿ ಅದೇ ನನ್ನ ಮೊದಲ ಮಾತು ಎನ್ನುವ ಹಾಗಿತ್ತು.

ನಮ್ಮ ಕಡೆ ಹೊಸ ಜೋಡಿಯನ್ನು ನೆಂಟರು ಒಬ್ಬೊಬ್ಬರಾಗಿ ಊಟಕ್ಕೆ ಕರೆಯುತ್ತಾರೆ. ಹೇಗೂ ಮನೆ ಮನೆಗೆ ಹೋಗಲೇಬೇಕು, ಹೋದಲ್ಲಿ ಮೆಲ್ಲಗೆ ಕೇಳಿದರಾಯಿತು ಎಂದು ಗಂಡ ಉಪಾಯ ಹೇಳಿದರು. ಮೊದಲ ಊಟ ಕುಮಟಾದಲ್ಲಿ, ಅವರ ಸೋದರತ್ತೆಯ ಮನೆಯಲ್ಲಿ. ಕೋಳಿ ಸಾರು, ಕೊಟ್ಟೆ ರೊಟ್ಟಿ, ಮೇಲೆ ಪಾಯಸ. ಬಾಳೆಲೆಯ ಮುಂದೆ ಕೂರಿಸಿ ಅವರು ಬಡಿಸಿದ್ದೇ ಬಡಿಸಿದ್ದು. ಕಿಟಕಿಯ ಹೊರಗೆ, ಕಂಪೌಂಡಿನ ಮೂಲೆಯಲ್ಲಿ, ಆ ಕಪ್ಪು ತೊಟ್ಟೆ ಬಿಚ್ಚದೆ ಬಿಸಿಲಲ್ಲಿ ನಿಂತಿತ್ತು. ಎಲೆಗಳು ಜೋತುಬಿದ್ದಿದ್ದವು. ಕೇಳಬೇಕು ಎಂದು ಎಷ್ಟು ಸಲ ಬಾಯಿ ತೆರೆದೆನೋ. ಪ್ರತಿ ಸಲವೂ ಅವರು, "ಇನ್ನೊಂದು ರೊಟ್ಟಿ ಹಾಕ್ತೆ, ನಾಚ್ಕೋಬೇಡ" ಎನ್ನುತ್ತಿದ್ದರು. ಹೊರಡುವಾಗ ಕುಂಕುಮ ಹಚ್ಚಿ, ರವಿಕೆ ಕಣ ಕೊಟ್ಟರು. ತೆಗೆದುಕೊಂಡೆ. ಗಿಡ ಅಲ್ಲಿಯೇ ಉಳಿಯಿತು. ಬೈಕಿನಲ್ಲಿ ಹಿಂದೆ ಕೂತು ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು. ವೇದಿಕೆಯ ಮೇಲಾದರೆ ಹಾರ, ಸೀರೆ ಅಡ್ಡವಿತ್ತು. ಇಲ್ಲಿ ಏನು ಅಡ್ಡವಿತ್ತು?

ಹೆದ್ದಾರಿಗೆ ಬರುವ ಮುಂಚೆ ಗಂಡನಿಗೆ ಬೈಕ್ ತಿರುಗಿಸಲು ಹೇಳಿದೆ. ಅವರು ಬೇಡವೆನ್ನಲಿಲ್ಲ. ಬಾಗಿಲು ತೆರೆದ ಸೋದರತ್ತೆ, ಏನೋ ಮರೆತು ಹೋದೆವೆಂದು ಕೋಣೆಯೊಳಗೆ ಹುಡುಕಲು ಹೊರಟರು.

"ಅತ್ತೆ, ಮರೆತದ್ದಲ್ಲ. ಆ ಗಿಡ ವಾಪಸ್ ಬೇಕಿತ್ತು" ಎಂದೆ.

"ಯಾವ ಗಿಡ?"

"ಮದುವೆಯಲ್ಲಿ ಕೊಟ್ಟದ್ದು. ಅದನ್ನು ಕಾಡಿನಿಂದ ಕಿತ್ತು ತಂದದ್ದು. ಕೀಳಬಾರದಿತ್ತು. ಮತ್ತೆ ಅಲ್ಲೇ ನೆಡಬೇಕು."

ಅವರು ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು. ಹೊರಗೆ ಹೋಗಿ ತೊಟ್ಟೆಯನ್ನು ತಂದು, ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟರು. "ತಕ್ಕೊಂಡ್ ಹೋಗಿ" ಎಂದು ಒಳಗೆ ನಡೆದರು. ರವಿಕೆ ಕಣವನ್ನೂ ಅಲ್ಲೇ ಬಿಟ್ಟು ಹೋಗಬೇಕೋ ಏನೋ ಎಂದು ನಾನು ಒಂದು ಗಳಿಗೆ ತಡವರಿಸಿದ್ದು ಈಗಲೂ ನೆನಪಿದೆ.

ಸುದ್ದಿ ನಮಗಿಂತ ಮುಂದೆ ಓಡಿತು. ಎರಡನೆಯ ಮನೆಯಲ್ಲಿ ಕೇಳುವ ಮೊದಲೇ ಗಿಡವನ್ನು ಹೊರಗೆ ತಂದಿಟ್ಟಿದ್ದರು. ಊಟ ಬಡಿಸುವಾಗ ಯಾರೋ, "ಬಾಳೆಲೆನೂ ವಾಪಸ್ ಕೊಡೂದಾ?" ಎಂದರು. ಎಲ್ಲರೂ ನಕ್ಕರು. ಗಂಡನೂ ನಗಲು ನೋಡಿದರು. ನಾನು ತಲೆ ಬಗ್ಗಿಸಿ ಎಲೆಯಲ್ಲಿದ್ದದ್ದನ್ನು ಮುಗಿಸಿದೆ. ಕುಮಟಾದ ಒಬ್ಬ ನಿವೃತ್ತ ಗುಮಾಸ್ತರು ಕೊಡುವುದೇ ಇಲ್ಲವೆಂದರು. ಅವರು ಅದನ್ನು ಸಿಮೆಂಟಿನ ಕುಂಡದಲ್ಲಿ ನೆಟ್ಟು, ಸುತ್ತ ಇಟ್ಟಿಗೆ ಜೋಡಿಸಿ, ಚೆನ್ನಾಗಿಯೇ ನೋಡಿಕೊಂಡಿದ್ದರು. "ಉಡುಗೊರೆ ಉಡುಗೊರೆಯೇ. ನಾನಾಗಿ ಕೇಳಿದ್ದಲ್ಲ, ನೀವಾಗಿ ಕೊಟ್ಟದ್ದು" ಎಂದರು. ಕೈ ಮುಗಿದು ಹೊರಟು ಬಂದೆ. ಹಳದೀಪುರದಲ್ಲೇ ಮಾವನ ಗೆಳೆಯರೊಬ್ಬರು ಬಿಪಿಗೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ಬೇರು ಜಜ್ಜಿ ಕಷಾಯ ಮಾಡಿ ಕುಡಿದು, ತಲೆ ತಿರುಗಿ, ಒಂದು ದಿನ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು. ಅವರ ಹೆಂಡತಿ ಖಾಲಿ ತೊಟ್ಟೆಯನ್ನು ನನಗೆ ತೋರಿಸಿದಳು. ಅದರ ಮೇಲಿನ ಚೀಟಿಯಲ್ಲಿ ನನ್ನ ಹೆಸರು ಹಾಗೇ ಇತ್ತು.

ಭಟ್ಕಳದ ಜಾಲಿಯಲ್ಲಿ ಒಂದು ನವಾಯತ ಮುಸ್ಲಿಮರ ಮನೆಗೆ ಹೋಗಬೇಕಿತ್ತು. ಆ ಮನೆಯ ಮಕ್ಕಳ ಬಟ್ಟೆಗಳನ್ನೆಲ್ಲ ಮಾವನೇ ಹೊಲಿದದ್ದು. ಮನೆಯ ಹಿರಿಯ ಹೆಂಗಸು ಮಂಡಿನೋವಿನಲ್ಲೂ ಮಗನ ಕಾರಿನಲ್ಲಿ ಮದುವೆಗೆ ಬಂದು ಹೋಗಿದ್ದರು. ಅಲ್ಲಿಗೆ ಅತ್ತೆಯೂ ನಮ್ಮ ಜೊತೆ ಬಸ್ಸಿನಲ್ಲಿ ಬಂದರು. ಯಾಕೆ ಬಂದರೆಂದು ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

"ಟೈಲರ್ ಮಾಸ್ಟರ್ ಸೊಸೆ! ಬಾ ಬೇಟಿ, ಫ್ಯಾನಿನ ಕೆಳಗೆ ಕೂತ್ಕೋ" ಎಂದು ಆ ಹಿರಿಯರು ಕೈ ಹಿಡಿದು ಕೂರಿಸಿದರು. ದ್ರಾಕ್ಷಿ, ಗೋಡಂಬಿ ಹಾಕಿದ ಶಾವಿಗೆ ಬಂತು. ನಾನು ಚಮಚ ಎತ್ತುವ ಮೊದಲೇ ಅತ್ತೆ ಮಾತು ತೆಗೆದರು.

"ಬೀಬಿ, ನಾವು ಒಂದು ನಾಚಿಕೆಯ ಕೆಲ್ಸಕ್ಕೆ ಬಂದದ್ದು. ಮದುವೇಲಿ ಕೊಟ್ಟ ಗಿಡ ವಾಪಸ್ ಬೇಕು. ತಪ್ಪು ನಮ್ಮದು, ಕಾಡಿಂದು ತಂದ್ಬಿಟ್ರು. ನನ್ನ ಸೊಸೆ ಊಟ ನಿದ್ರೆ ಬಿಟ್ಟು ಕೂತಿದಾಳೆ."

ತಪ್ಪು ನಮ್ಮದು ಎಂದರಲ್ಲ ಅತ್ತೆ, ಅವರದು ಅದರಲ್ಲಿ ಏನೇನೂ ಇರಲಿಲ್ಲ. ನಾನು ಶಾವಿಗೆಯ ಬಟ್ಟಲನ್ನೇ ನೋಡುತ್ತ ಕೂತೆ.

ಆ ಹಿರಿಯರು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನಲ್ಲಿಯ ಹತ್ತಿರ, ಗೋಡೆಯ ನೆರಳಿನಲ್ಲಿ ನೆಟ್ಟಿದ್ದರು. ಹೊಸ ಚಿಗುರು ಬಂದಿತ್ತು. ಮೊಮ್ಮಗಳ ಕೈಯಿಂದ ಸುತ್ತಲಿನ ಮಣ್ಣು ಸಮೇತ ಅಗೆಸಿ, ಬೇರು ಅಲುಗದಂತೆ ಹಳೆಯ ಅಕ್ಕಿ ಚೀಲದಲ್ಲಿ ಸುತ್ತಿಸಿ ಕೊಟ್ಟರು. "ಚೆನ್ನಾಗಿ ಹತ್ತಿತ್ತು. ಇನ್ನೊಂದು ತಂದು ಕೊಡ್ತೀಯಾ, ತಪ್ಪಿಲ್ಲದ್ದು?" ಎಂದು ಕೇಳಿದರು. ಕೊಡುತ್ತೇನೆ ಎಂದೆ. ಮರು ವರ್ಷ ನರ್ಸರಿಯ ಸಸಿಯೊಂದನ್ನು ಕೊಟ್ಟು ಬಂದೆ.

ತವರಿಗೆ ಮೊದಲ ಸಲ ಹೋಗುವ ದಿನ ಬಂತು. ಈ ಸುದ್ದಿ ಚಿಕ್ಕಪ್ಪನಿಗೆ ಇನ್ನೂ ಮುಟ್ಟಿಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಹೇಳುವ ಧೈರ್ಯ ಅವಳಿಗೂ ಆಗಿರಲಿಲ್ಲ. ಚಿಕ್ಕಪ್ಪ ನಮಗೋಸ್ಕರ ಗಾಡಿ ನಿಲ್ಲಿಸಿ ಮನೆಯಲ್ಲೇ ಇದ್ದ. ಊಟಕ್ಕೆ ಕೂತಾಗ ಅವನೇ ಕೇಳಿದ:

"ಎಂತ ಹೇಳಿದ್ರು ಎಲ್ಲರೂ? ಗಿಡ ಕಂಡು ಖುಷಿ ಆತಲಾ?"

"ಚಿಕ್ಕಪ್ಪಾ, ಆ ಗಿಡ ಕೀಳಬಾರದಿತ್ತು" ಎಂದೆ.

"ಎಂತಕೆ? ಮಾರೂಕೆ ಕಿತ್ತದ್ದಲ್ಲ. ಮನೆಮನೆಗೆ ಕೊಟ್ಟದ್ದು. ಎಲ್ಲರ ಮನೇಲೂ ನೆಟ್ರೆ ಉಳೀತದೆ ಅಂತ ನೀನೇ ಬರೆದದ್ದಲ್ದಾ?"

"ಅದು ಬೀಜದಿಂದ ಮಾಡಿದ ಸಸಿ ಚಿಕ್ಕಪ್ಪಾ. ಬೀಜ ಕೊಡುವ ತಾಯಿ ಗಿಡಗಳನ್ನೇ ಕಿತ್ತರೆ ಇನ್ನು ಬೀಜ ಎಲ್ಲಿಂದ ಬರಬೇಕು? ಕಿತ್ತದ್ದು ಬಹಳಷ್ಟು ಸಾಯ್ತವೆ. ನಾನು ಮನೆ ಮನೆಗೆ ಹೋಗಿ ವಾಪಸ್ ಕೇಳಿ ತರುತ್ತಿದ್ದೇನೆ."

ಅವನ ಕೈ ಎಲೆಯ ಮೇಲೆ ನಿಂತಿತು. "ವಾಪಸ್ ಕೇಳ್ತಾ ಇದ್ಯಾ?" ಎಂದ. "ಗಂಡನ ಮನೆಯವರ ಹತ್ರನೂ?"

"ಹ್ಞೂಂ."

ಅವನು ಅರ್ಧ ಊಟಕ್ಕೇ ಕೈ ತೊಳೆದು ಎದ್ದ. ಟೆಂಪೊ ಶುರುವಾದ ಸದ್ದು ಕೇಳಿತು. ಅವನು ಸಿಟ್ಟು ಮಾಡಿಕೊಂಡು ಹೋದನೆಂದು ಅಮ್ಮ ಅತ್ತಳು. ಹೊಸ ಅಳಿಯನ ಮುಂದೆ ನಮ್ಮ ಮನೆಯ ಊಟ ಹಾಗೆ ಮುರಿಯಿತು. ನನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ನನ್ನನ್ನು ಎತ್ತಿ ಆಡಿಸಿದವನನ್ನು ಎಲೆಯ ಮುಂದಿನಿಂದ ಎಬ್ಬಿಸಿದೆನಲ್ಲ ಎಂಬುದು ಬೇರೆಲ್ಲದಕ್ಕಿಂತ ಹೆಚ್ಚು ಚುಚ್ಚಿತು.

ಎರಡು ದಿನ ಬಿಟ್ಟು ಅವನು ಟೆಂಪೊ ತಂದು ನರ್ಸರಿಯ ಗೇಟಿನ ಹೊರಗೆ ನಿಲ್ಲಿಸಿದ. ನಾನು ಅಂದೇ ಕೆಲಸಕ್ಕೆ ಮರಳಿದ್ದೆ. ಹಿಂದೆ ಟಾರ್ಪಾಲಿನ ನೆರಳಿನಲ್ಲಿ ನಮ್ಮ ಕಡೆಯ ನೆಂಟರ ಮನೆಗಳಿಂದ ತಂದ ಗಿಡಗಳಿದ್ದವು. ಕೆಲವು ಹಸಿರಾಗಿದ್ದವು, ಕೆಲವು ಬರೀ ಕಡ್ಡಿ. ಅವನು ಮನೆ ಮನೆಗೆ ಹೋಗಿ ಏನೆಂದು ಕೇಳಿದನೋ, ಯಾರು ಏನು ಅಂದರೋ, ಇವತ್ತಿಗೂ ನನಗೆ ಹೇಳಿಲ್ಲ. ಗಡ್ಡ ಬೋಳಿಸಿರಲಿಲ್ಲ. "ಸತ್ತದ್ದನ್ನೂ ತಂದಿದ್ದೆ. ನಂಗೆ ಗೊತ್ತಾಗೂದಿಲ್ಲ ಯಾವುದು ಬದುಕ್ತದೆ ಅಂತ" ಎಂದ.

ಮೇಡಂ ಹೊರಗೆ ಬಂದರು. ನಾನು ಅವರಿಗೆ ಇನ್ನೂ ಏನೂ ಹೇಳಿರಲಿಲ್ಲ. ಬೆಳಗಿನಿಂದ ಹೇಳಬೇಕೆಂದು ಅವರ ಮೇಜಿನ ಸುತ್ತ ಸುಳಿದಾಡಿದ್ದೆ. ನಾನು ಬಾಯಿ ತೆರೆಯುವ ಮೊದಲು ಚಿಕ್ಕಪ್ಪ, "ಮೇಡಂ, ಕಿತ್ತದ್ದು ನಾನು. ಅವಳಿಗೆ ಗೊತ್ತಿರಲಿಲ್ಲ" ಎಂದ.

"ಅಂದೇ ನೋಡಿದೆ" ಎಂದರು ಮೇಡಂ. ತಮಗೆ ಕೊಟ್ಟ ಗಿಡ ನರ್ಸರಿಯ ಹಸಿರು ಬಲೆಯ ನೆರಳು ಮನೆಯಲ್ಲಿದೆ ಎಂದೂ ಹೇಳಿದರು. ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬದುಕುವ ಲಕ್ಷಣವಿದ್ದವನ್ನು ಬೇರೆ ಮಾಡಿ ನೆರಳು ಮನೆಯಲ್ಲಿ ಜೋಡಿಸಲು ಹೇಳಿದರು. ಆಮೇಲೆ ನನ್ನನ್ನು ಮಾತ್ರ ಕರೆದು, "ಕೇರಿಯವರಿಗೆ ಯಾರು ಹೇಳೋದು?" ಎಂದು ಕೇಳಿದರು.

ಅಲ್ಲಿಯವರೆಗೂ ನಾನು ತಪ್ಪಿಸಿಕೊಂಡು ತಿರುಗಿದ್ದು ಆ ಒಂದು ಯೋಚನೆಯಿಂದ. ಹಿಂದಿನ ವರ್ಷ ಅದೇ ಕೇರಿಯ ಒಬ್ಬ ಹೆಂಗಸು ಸೀರೆಯ ಮಡಿಲಲ್ಲಿ ಎರಡು ಸರ್ಪಗಂಧಿ ಕಿತ್ತು ತರುವಾಗ ನನ್ನ ಕೈಗೆ ಸಿಕ್ಕಿದ್ದಳು. ಅವಳ ವಯಸ್ಸಾದ ತಾಯಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ನಾನು ಬಿಡಲಿಲ್ಲ. ಸಭೆಯಲ್ಲಿ ಎಲ್ಲರ ಎದುರು ಅವಳನ್ನು ನಿಲ್ಲಿಸಿ, ಇನ್ನು ಕೀಳುವುದಿಲ್ಲ ಎಂದು ಹೇಳಿಸಿದ್ದೆ. ನನಗಿಂತ ಎಷ್ಟೋ ದೊಡ್ಡವಳು ಅವಳು. ಒಳ್ಳೆಯ ಕೆಲಸ ಮಾಡಿದೆನೆಂದು ಆಗ ನನಗೆ ಹೆಮ್ಮೆಯಾಗಿತ್ತು.

ಮುಂದಿನ ವಾರ ಕೇರಿಯ ಅಂಗನವಾಡಿಯ ಕೋಣೆಯಲ್ಲಿ ಹೆಂಗಸರು ಸೇರಿದರು. ಹೊರಗೆ ಮಳೆ ಹಿಡಿದಿತ್ತು. ಅವರಿಗೆ ಇಳಿಜಾರು ಬೋಳಾದದ್ದು ಗೊತ್ತಿತ್ತು. ಬೇರು ಕದಿಯುವ ಹೊರಗಿನವರ ಕೆಲಸವೆಂದು ಅವರ ಲೆಕ್ಕ. ನನಗೆ ತಿಳಿಸೋಣವೆಂದರೆ ಮದುವೆಯ ಹುಡುಗಿಗೆ ಯಾಕೆ ಬೇಜಾರು ಮಾಡುವುದು ಎಂದು ಸುಮ್ಮನಿದ್ದರಂತೆ. ಅದನ್ನು ಕೇಳಿ ನನಗೆ ಕೂತ ಜಾಗದಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು ಹೇಳಿದೆ. ಹೊರಗಿನವರಲ್ಲ, ನಮ್ಮ ಮನೆಯವರು, ನನ್ನ ಮದುವೆಗಾಗಿ ಎಂದೆ. ಚಿಕ್ಕಪ್ಪ ಬಾಗಿಲ ಬಳಿ ಒದ್ದೆ ಬಟ್ಟೆಯಲ್ಲಿ ಕೈಕಟ್ಟಿ ನಿಂತಿದ್ದ. "ನಾನು ಕಿತ್ತದ್ದು" ಎಂದು ಒಮ್ಮೆ ಹೇಳಿದ.

ಮೊದಲು ಕೇಳಿದವಳು ಆ ಎರಡು ಗಿಡದ ಹೆಂಗಸೇ.

"ಕಿತ್ತದ್ದರಲ್ಲಿ ಎಷ್ಟು ಬದುಕಿದೆ?"

"ಅರ್ಧಕ್ಕಿಂತ ಕಡಿಮೆ."

"ನಂಗೆ ಎರಡು ಗಿಡಕ್ಕೆ ಇಲ್ಲೇ ನಿಲ್ಲಿಸಿದ್ರಿ" ಎಂದಳು. ದನಿ ಏರಿಸಲಿಲ್ಲ. "ಅವ್ವಿ ಆ ಮಳೆಗಾಲದಲ್ಲೇ ಹೋತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ವಯಸ್ಸಾಗಿತ್ತು. ಆದ್ರೆ ಅಂದು ಎಲ್ಲರ ಮುಂದೆ ನಿಂತದ್ದು ನಂಗೆ ಮರೆತಿಲ್ಲ."

ಕ್ಷಮಿಸಿ ಎಂದೆ. ಅದಕ್ಕೆ ಅವಳು ಆಯಿತು ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. "ಗಿಡ ನೆಡೂದು ಯಾವಾಗ?" ಎಂದು ಕೇಳಿದಳು.

ಆಷಾಢದ ಮಳೆ ನಡುವೆ ಸ್ವಲ್ಪ ಬಿಡುವು ಕೊಟ್ಟಾಗ ನೆಟ್ಟೆವು. ಕೇರಿಯವರಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ಆ ಹೆಂಗಸು ಬಂದಿದ್ದಳು, ನನ್ನಿಂದ ದೂರದಲ್ಲಿ ನೆಡುತ್ತಿದ್ದಳು. ಗಂಡ ಒಂದು ದಿನ ರಜೆ ಹಾಕಿ ಬಂದು ಜಿಗಣೆ ಕಚ್ಚಿಸಿಕೊಂಡರು. ಚಿಕ್ಕಪ್ಪ ಒಂದೊಂದು ಗುಂಡಿಯ ಬಳಿಯೂ, "ಇಷ್ಟು ಆಳ ಸಾಕಾ?" ಎಂದು ನನ್ನನ್ನು ಕೇಳುತ್ತಿದ್ದ. ಗಾಡಿ ಕೊಳ್ಳುವ ಮುಂಚೆ ಗದ್ದೆಯಲ್ಲೇ ದುಡಿದವನು ಅವನು. ಪ್ರತಿ ಸಲವೂ ಬಗ್ಗಿ ನೋಡಿ ಸಾಕು ಎನ್ನುತ್ತಿದ್ದೆ.

ಗಿಡ ಕಿತ್ತ ಗುಂಡಿಗಳನ್ನು ಆ ಆಳುಗಳು ಮುಚ್ಚದೆ ಬಿಟ್ಟಿದ್ದರಿಂದ ಇಳಿಜಾರಿನ ಮೇಲ್ಭಾಗ ಆ ಮಳೆಗಾಲದಲ್ಲಿ ಜಾರಿ, ನೆಟ್ಟದ್ದರಲ್ಲೂ ಒಂದಿಷ್ಟು ಕೊಚ್ಚಿಹೋಯಿತು. ಉಳಿದವು ಮರು ವರ್ಷ ಹೂ ಬಿಟ್ಟವು, ಕಾಯಿ ಕಚ್ಚಿದ್ದು ಕಡಿಮೆ. ಈಗ ಬೀಜ ಆರಿಸಲು ಹೋದರೆ ಒಂದು ಹಿಡಿಯೂ ಆಗುವುದಿಲ್ಲ. ಅದರಲ್ಲೂ ಅರ್ಧ ಅಲ್ಲಿಯೇ ಬಿಟ್ಟು ಬರುತ್ತೇನೆ.

ಶಾಲೆಗಳಿಗೆ ಹೋಗಿ ಮಾತಾಡುವ ಕೆಲಸವನ್ನು ನಾನೇ ಕೇಳಿ ಬಿಡಿಸಿಕೊಂಡೆ. ಮೇಡಂ ಎರಡು ಸಲ ಮತ್ತೆ ಒಪ್ಪಿಸಲು ನೋಡಿದರು. ಆ ಕರಪತ್ರ ಮುಗಿದ ಮೇಲೆ ಹೊಸದನ್ನು ಅಚ್ಚು ಹಾಕಿಸಲಿಲ್ಲ. ಹಳದೀಪುರದಲ್ಲಿ, ಕುಮಟಾದಲ್ಲಿ ನಾನು ಈಗಲೂ ಗಿಡ ವಾಪಸ್ ಕೇಳಿದ ಸೊಸೆ. ಸೋದರತ್ತೆ ಮಾತು ಬಿಟ್ಟಿಲ್ಲ, ಆದರೆ ಮತ್ತೆ ಊಟಕ್ಕೆ ಕರೆದಿಲ್ಲ. ಅತ್ತೆ ಮಾತ್ರ ಯಾರಾದರೂ ಅದನ್ನೆತ್ತಿ ನಕ್ಕರೆ ಸುಮ್ಮನೆ ಎದ್ದು ಒಳಗೆ ಹೋಗುತ್ತಾರೆ. ನನ್ನ ಪರವಾಗಿ ಅವರು ಮಾಡುವ ಜಗಳ ಅದು.

ಚಿಕ್ಕಪ್ಪ ವಾರಕ್ಕೊಮ್ಮೆಯಾದರೂ ಹಳದೀಪುರದ ನಮ್ಮ ಮನೆಗೆ ಬಂದು ಹೋಗುತ್ತಾನೆ. ಮೀನು ತರುತ್ತಾನೆ, ನನ್ನ ಮಗಳನ್ನು ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿ ಹೆದ್ದಾರಿಯವರೆಗೆ ಸುತ್ತಿಸಿ ತರುತ್ತಾನೆ. ಎಲ್ಲ ಮಾತಾಡುತ್ತೇವೆ. ಅವನು ಗೇರುಸೊಪ್ಪದ ಕಡೆಯ ಬಾಡಿಗೆ ಓಡಾಟ ಬಿಟ್ಟು ಈಗ ಭಟ್ಕಳದ ಕಡೆಗೆ ಗಾಡಿ ಓಡಿಸುತ್ತಾನೆ. ಯಾಕೆಂದು ನಾನು ಕೇಳಿಲ್ಲ. ನನ್ನ ಕೆಲಸ ಹೇಗಿದೆಯೆಂದು ಅವನೂ ಕೇಳುವುದಿಲ್ಲ. ಮೊದಲು ಅದೊಂದನ್ನೇ ಕೇಳುತ್ತಿದ್ದ.